ಅರ್ಧ ಹಿಡಿತ ಹಗುರ ಸರಪಳಿಯದ್ದು

(ಮಂಗಳೂರಿನಲ್ಲಿ ಪಿಯುಸಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಂಗಳೂರಿನವರಿಗೆ ಮಲೇರಿಯಾ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಊರಲ್ಲಿ ದೊಡ್ಡ ದೊಡ್ಡ ಕಟ್ಟಡ ಏಳತೊಡಗಿದ 1990ರ ದಶಕದಿಂದ ಈ ಜ್ವರ ನಮ್ಮ ಬೆನ್ನು ಹಿಡಿದಿದೆ. ಕೆಲಸ ನಡೆಯುವ ಜಾಗದಲ್ಲಿ ನಿಂತ ನೀರು, ಮುಚ್ಚಳ ಸರಿಯಿಲ್ಲದ ತಾರಸಿ ಟ್ಯಾಂಕಿ, ಅದರಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ. ನಿಮ್ಮಲ್ಲೂ ಕೆಲವರು ಚಳಿ ಹಿಡಿದು ನಡುಗುತ್ತಾ ಲ್ಯಾಬಿನ ಬೆಂಚಿನಲ್ಲಿ ಕೂತವರೇ ಇರಬಹುದು. ಅಲ್ಲಿ ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಸವರುತ್ತಾರೆ. ಎಷ್ಟೋ ಕಡೆ ಇನ್ನೊಂದು ಸಣ್ಣ ಹನಿಯನ್ನು ಪ್ಲಾಸ್ಟಿಕ್ ಕಾರ್ಡಿಗೆ ಹಾಕುತ್ತಾರೆ. ಇವತ್ತಿನ ಮಾತನ್ನು ಆ ಕಾರ್ಡಿನಿಂದ ಶುರು ಮಾಡೋಣ.

ಕಾರ್ಡಿನ ಒಳಗೆ ಒಂದು ಬಿಳಿ ಪಟ್ಟಿ ಉಂಟಲ್ಲ, ರಕ್ತದ ಜೊತೆ ಒಂದೆರಡು ಹನಿ ದ್ರಾವಣ ಬಿಟ್ಟರೆ ಅದು ಪಟ್ಟಿಯುದ್ದಕ್ಕೂ ಹರಿಯುತ್ತದೆ. ಹರಿಯುವ ದಾರಿಯಲ್ಲಿ ಚಿನ್ನದ ಅತಿ ಸಣ್ಣ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು ಕಾದಿರುತ್ತವೆ. ಚಿನ್ನ ಅಷ್ಟು ಸಣ್ಣದಾದರೆ ಹಳದಿ ಕಾಣುವುದಿಲ್ಲ, ಕೆಂಪು ಕಾಣುತ್ತದೆ. ರಕ್ತದಲ್ಲಿ ಮಲೇರಿಯಾ ರೋಗಾಣುವಿನ ಪ್ರೊಟೀನ್ ಇದ್ದರೆ ಈ ಪ್ರತಿಕಾಯ ಅದನ್ನು ಹಿಡಿದುಕೊಂಡೇ ಮುಂದೆ ಹೋಗುತ್ತದೆ. ಪಟ್ಟಿಯ ನಡುವೆ ಅಡ್ಡಗೆರೆಯಾಗಿ ಕೂರಿಸಿದ ಇನ್ನೊಂದು ಪ್ರತಿಕಾಯ ಆ ಪ್ರೊಟೀನನ್ನು ಮತ್ತೊಂದು ಬದಿಯಿಂದ ಹಿಡಿದು ನಿಲ್ಲಿಸುತ್ತದೆ. ಕಣಗಳೆಲ್ಲ ಅಲ್ಲೇ ಒಟ್ಟಾಗಿ ಕೆಂಪು ಗೆರೆ ಮೂಡುತ್ತದೆ. ಫಾಲ್ಸಿಪಾರಂ ಮಲೇರಿಯಾಕ್ಕೆ ಹುಡುಕುವುದು ಹೆಚ್ಚಾಗಿ ಎಚ್‌ಆರ್‌ಪಿ2 ಎಂಬ ಪ್ರೊಟೀನನ್ನು. ನಮ್ಮ ಊರಲ್ಲಿ ಜಾಸ್ತಿ ಕಾಣುವ ವೈವಾಕ್ಸ್‌ಗೆ ಪಿಎಲ್‌ಡಿಎಚ್ ಎಂಬುದನ್ನು. ಹದಿನೈದಿಪ್ಪತ್ತು ನಿಮಿಷದಲ್ಲಿ ಉತ್ತರ ಕೈಯಲ್ಲಿರುತ್ತದೆ.

ಆ ಒಂದು ಹನಿಯಲ್ಲಿ ಸಾವಿರಾರು ಬಗೆಯ ಪ್ರೊಟೀನುಗಳಿವೆ. ಹೆಚ್ಚುಕಮ್ಮಿ ಎಲ್ಲವೂ ನಮ್ಮ ದೇಹದವೇ. ಅಷ್ಟರ ನಡುವೆ ಆ ಪ್ರತಿಕಾಯ ಒಂದನ್ನು ಹಿಡಿದು ಉಳಿದದ್ದನ್ನೆಲ್ಲ ಬಿಟ್ಟುಬಿಟ್ಟಿತು. ಹೀಗೆ ಹಿಡಿಸಿಕೊಳ್ಳುವ ವಸ್ತುವಿಗೆ ಆ್ಯಂಟಿಜೆನ್ ಎನ್ನುತ್ತೇವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಎರಡರಲ್ಲೂ ಪ್ರತಿಕಾಯದ ಒಂದು ಸಣ್ಣ ಭಾಗಕ್ಕೆ ದೊಡ್ಡ ಪಾತ್ರವಿದೆ. ಅದೇ ಲೈಟ್ ಚೈನ್. ನಾನು ಹಗುರ ಸರಪಳಿ ಎನ್ನುತ್ತೇನೆ. ಪಠ್ಯಪುಸ್ತಕದಲ್ಲಿ ಅದರ ಪಾಲಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಅಷ್ಟು ಸಾಲದು ಎಂಬುದು ನನ್ನ ವಾದ. ಅದಕ್ಕೇ ಇವತ್ತು ಇದೇ ವಿಷಯ ಆರಿಸಿಕೊಂಡಿದ್ದೇನೆ.

ಪ್ರತಿಕಾಯದ ಚಿತ್ರ ನೀವು ನೋಡಿದ್ದೀರಿ, ಇಂಗ್ಲಿಷಿನ ವೈ ಅಕ್ಷರದ ಆಕಾರ. ರಕ್ತದಲ್ಲಿ ಜಾಸ್ತಿ ಇರುವ ಐಜಿಜಿ ಎಂಬ ಬಗೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಸರಪಳಿಗಳು. ಎರಡು ಭಾರದವು, ಒಂದೊಂದು ಸುಮಾರು 50,000 ಡಾಲ್ಟನ್ ತೂಕ. ಎರಡು ಹಗುರ, ಒಂದೊಂದು ಸುಮಾರು 25,000 ಡಾಲ್ಟನ್. ಭಾರದ ಸರಪಳಿ ವೈ ಅಕ್ಷರದ ಬುಡದಿಂದ ತೋಳಿನ ತುದಿವರೆಗೂ ಹೋಗುತ್ತದೆ. ಹಗುರ ಸರಪಳಿ ತೋಳುಗಳಲ್ಲಿ ಮಾತ್ರ ಇದೆ, ಒಂದು ತೋಳಿಗೆ ಒಂದರಂತೆ. ಅದರ ಉದ್ದ ಸುಮಾರು 215 ಅಮೈನೋ ಆಮ್ಲ. ಬುಡದ ಕಡೆಯ ಅರ್ಧ ಒಂದೇ ಬಗೆಯ ಹಗುರ ಸರಪಳಿಗಳಲ್ಲೆಲ್ಲ ಹೆಚ್ಚುಕಮ್ಮಿ ಒಂದೇ. ತುದಿಯ ಅರ್ಧ ಮಾತ್ರ ಪ್ರತಿಕಾಯದಿಂದ ಪ್ರತಿಕಾಯಕ್ಕೆ ಬೇರೆ ಬೇರೆ.

ಆ ತುದಿಯಲ್ಲಿ ಮೂರು ಕುಣಿಕೆಗಳು ಹೊರಗೆ ಚಾಚಿಕೊಂಡಿವೆ. ಪಕ್ಕದ ಭಾರದ ಸರಪಳಿಯ ತುದಿಯಲ್ಲೂ ಮೂರು. ಒಟ್ಟು ಆರು. ಇದನ್ನು ನಿಮ್ಮ ಕೈಯಲ್ಲೇ ಮಾಡಿ ನೋಡಿ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಚಾಚಿ. ಆರು ಬೆರಳ ತುದಿಗಳ ನಡುವೆ ಒಂದು ಲಿಂಬೆಹಣ್ಣು ಹಿಡಿದಿದ್ದೀರಿ ಅಂತ ಇಟ್ಟುಕೊಳ್ಳಿ. ಬಲಗೈ ಭಾರದ ಸರಪಳಿ, ಎಡಗೈ ಹಗುರದ್ದು. ಎಡಗೈ ತೆಗೆದರೂ ಹಣ್ಣು ಕೆಳಗೆ ಬೀಳಲಿಕ್ಕಿಲ್ಲ, ಆದರೆ ಹಿಡಿತ ಸಡಿಲ. ಎಡಗೈಯ ಒಂದೇ ಒಂದು ಬೆರಳನ್ನು ಸ್ವಲ್ಪ ಒಳಗೆ ಮಡಚಿದರೆ ಅಲ್ಲಿ ಲಿಂಬೆ ಕೂರುವುದಿಲ್ಲ. ಬೇರೆ ಆಕಾರದ್ದು ಯಾವುದೋ ಕೂರುತ್ತದೆ. ಬಲಗೈ ಅಲುಗಾಡದಿದ್ದರೂ ಹಿಡಿಯುವ ವಸ್ತು ಬದಲಾಯಿತು, ಅಲ್ವಾ?

ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ಆರು ಕುಣಿಕೆಗಳಲ್ಲಿ ಆ್ಯಂಟಿಜೆನ್ನನ್ನು ಹೆಚ್ಚು ಮುಟ್ಟುವುದು ಸಾಮಾನ್ಯವಾಗಿ ಭಾರದ ಸರಪಳಿಯ ಮೂರನೆಯ ಕುಣಿಕೆ. ಅದೇ ಅತಿ ಉದ್ದ, ಅದೇ ಅತಿ ವೈವಿಧ್ಯದ್ದು. ಅದರಿಂದಾಗಿ ತುಂಬಾ ಕಾಲ ಹಗುರ ಸರಪಳಿಯನ್ನು ಪಕ್ಕವಾದ್ಯದವರ ಸಾಲಿನಲ್ಲಿ ಕೂರಿಸಿದ್ದರು. ಆದರೆ ಮುಟ್ಟುವ ಜಾಗ ಎಷ್ಟು ಎಂದು ಅಳೆದ ಮಾತ್ರಕ್ಕೆ ಕೆಲಸ ಯಾರದ್ದು ಎಂದು ತಿಳಿಯುವುದಿಲ್ಲ. ಆ್ಯಂಟಿಜೆನ್ ತೀರಾ ಸಣ್ಣ ಅಣುವಾದರೆ ಅದು ಎರಡು ಸರಪಳಿಗಳ ನಡುವಿನ ಸಂದಿಯಲ್ಲೇ ಇಳಿದು ಕೂರುತ್ತದೆ. ದೊಡ್ಡ ಪ್ರೊಟೀನಾದರೆ ಎರಡರ ಮೇಲೂ ಹರಡಿ ಕೂರುತ್ತದೆ. ಹಗುರ ಸರಪಳಿ ನೇರವಾಗಿ ಮುಟ್ಟದ ಕಡೆಯಲ್ಲೂ ಭಾರದ ಸರಪಳಿಯ ಕುಣಿಕೆ ಯಾವ ಕಡೆಗೆ ಬಾಗಿ ನಿಲ್ಲಬೇಕು ಎಂಬುದನ್ನು ಪಕ್ಕದಿಂದ ಒತ್ತಿ ಹಿಡಿದು ನಿರ್ಧರಿಸುತ್ತದೆ.

ಇದಕ್ಕೆ ಮಲೇರಿಯಾದಲ್ಲೇ ಒಳ್ಳೆಯ ಉದಾಹರಣೆ ಸಿಕ್ಕಿದೆ. ಸೊಳ್ಳೆ ಕಚ್ಚಿದಾಗ ಒಳಗೆ ಬರುವ ಮಲೇರಿಯಾ ರೋಗಾಣುವಿನ ಮೈಮೇಲೆ ಸಿಎಸ್‌ಪಿ ಎಂಬ ಪ್ರೊಟೀನಿನ ಹೊದಿಕೆ ಇರುತ್ತದೆ. ಅದರಲ್ಲಿ ಕೆಲವು ಅಮೈನೋ ಆಮ್ಲಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಎಲ್9 ಎಂಬ ಮಾನವ ಪ್ರತಿಕಾಯ ಈ ಹೊದಿಕೆಯ ಒಂದು ಚಿಕ್ಕ ಪುನರಾವರ್ತನೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೆ ಹತ್ತಿರದ ಬಂಧುವಾದ ಇನ್ನೊಂದು ಪ್ರತಿಕಾಯವೂ ಇದೆ. ಎರಡೂ ಒಂದೇ ಬಗೆಯ ಜೀನುಗಳಿಂದ ಹುಟ್ಟಿದವು, ಆದರೂ ಎಲ್9ನಷ್ಟು ಚೆನ್ನಾಗಿ ಅದು ಹಿಡಿಯುವುದಿಲ್ಲ. ಸಂಶೋಧಕರು ಇವೆರಡರ ಸರಪಳಿಗಳನ್ನು ಅದಲುಬದಲು ಮಾಡಿ ಜೋಡಿಸಿ ನೋಡಿದರು. ಎಲ್9ನ ಆ ವಿಶೇಷ ಹಿಡಿತಕ್ಕೆ ಅದರ ಹಗುರ ಸರಪಳಿಯೇ ನಿರ್ಣಾಯಕ ಎಂದು 2022ರಲ್ಲಿ ಪ್ರಕಟಿಸಿದರು. ಆ ಪ್ರತಿಕಾಯವನ್ನು ರಕ್ತದಲ್ಲಿ ಹೆಚ್ಚು ಕಾಲ ಉಳಿಯುವಂತೆ ತಿದ್ದಿ, ಮಾಲಿ ದೇಶದ ಮಕ್ಕಳಿಗೆ ಚುಚ್ಚುಮದ್ದಾಗಿ ಕೊಟ್ಟಾಗ ಸೋಂಕು ಗಣನೀಯವಾಗಿ ಕಮ್ಮಿಯಾಯಿತು. ಇದು ಫಾಲ್ಸಿಪಾರಂಗೆ ಮಾತ್ರ. ನಮ್ಮೂರಿನ ವೈವಾಕ್ಸ್‌ನ ಹೊದಿಕೆಯಲ್ಲಿ ಪುನರಾವರ್ತನೆಗಳು ಬೇರೆ, ಹಾಗಾಗಿ ಎಲ್9 ಇಲ್ಲಿಗೆ ಒದಗುವುದಿಲ್ಲ.

ಇನ್ನೊಂದು ಉದಾಹರಣೆ ಎಚ್‌ಐವಿಯದ್ದು. 2010ರಲ್ಲಿ ವಿಆರ್‌ಸಿ01 ಎಂಬ ಪ್ರತಿಕಾಯದ ವಿವರ ಹೊರಬಂತು. ಬೇರೆ ಬೇರೆ ತಳಿಯ ಎಚ್‌ಐವಿಗಳಲ್ಲಿ ಹೆಚ್ಚಿನವನ್ನು ಅದು ತಡೆಯುತ್ತದೆ. ಇದರ ಹಗುರ ಸರಪಳಿಯ ಮೂರನೆಯ ಕುಣಿಕೆಯಲ್ಲಿ ಇರುವುದು ಐದೇ ಅಮೈನೋ ಆಮ್ಲ. ನಮ್ಮ ಹೆಚ್ಚಿನ ಪ್ರತಿಕಾಯಗಳಲ್ಲಿ ಒಂಬತ್ತರ ಆಸುಪಾಸು ಇರುತ್ತದೆ. ಕುಣಿಕೆ ಉದ್ದವಾಗಿದ್ದರೆ ವೈರಸ್ಸಿನ ಮೇಲ್ಮೈಗೆ ತಾಗಿ ಪ್ರತಿಕಾಯ ಹತ್ತಿರ ಹೋಗಲಿಕ್ಕೇ ಆಗುತ್ತಿರಲಿಲ್ಲ. ಇಲ್ಲಿ ಹಗುರ ಸರಪಳಿಯ ಉಪಕಾರ ಅಂದರೆ ಅಡ್ಡ ಬಾರದೆ ಇರುವುದು.

ಮಲೇರಿಯಾ ಕಾರ್ಡಿಗೆ ಮತ್ತೆ ಬರುತ್ತೇನೆ. ಅದರಲ್ಲಿ ಬಳಸುವ ಪ್ರತಿಕಾಯಗಳು ಸಾಮಾನ್ಯವಾಗಿ ಇಲಿಯ ಕೋಶಗಳಿಂದ ಬಂದವು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಈ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೀನ್ 1975ರಲ್ಲಿ ತೋರಿಸಿದರು, 1984ರಲ್ಲಿ ನೊಬೆಲ್ ಬಂತು. ಪ್ರತಿಕಾಯ ತಯಾರಿಸುವ ಬಿ ಕೋಶವನ್ನು, ಸಾಯದೆ ಬೆಳೆಯುತ್ತಲೇ ಇರುವ ಮೈಲೋಮಾ ಎಂಬ ಕ್ಯಾನ್ಸರ್ ಕೋಶದ ಜೊತೆ ಬೆಸೆಯುವುದು ಅದರ ಉಪಾಯ. ಶುರುವಿನಲ್ಲಿ ಬಳಸಿದ ಮೈಲೋಮಾ ಕೋಶ ತನ್ನದೇ ಭಾರದ ಮತ್ತು ಹಗುರ ಸರಪಳಿಗಳನ್ನೂ ತಯಾರಿಸುತ್ತಿತ್ತು. ಬೆಸೆದ ಕೋಶದಲ್ಲಿ ನಾಲ್ಕೂ ಬಗೆ ಬೆರೆತು ಸಿಕ್ಕಸಿಕ್ಕ ಜೋಡಿ ಆಗುತ್ತಿದ್ದವು. ಸರಿಯಾದ ಭಾರದ ಸರಪಳಿಗೆ ಯಾರದೋ ಹಗುರ ಸರಪಳಿ ಸೇರಿದರೆ ಸಾಮಾನ್ಯವಾಗಿ ಆ ತೋಳು ಆ್ಯಂಟಿಜೆನ್ನನ್ನು ಹಿಡಿಯುವುದಿಲ್ಲ. ಆಮೇಲೆ ಸ್ವಂತ ಸರಪಳಿ ತಯಾರಿಸದ ಮೈಲೋಮಾ ಕೋಶಗಳನ್ನೇ ಹುಡುಕಿ ಬಳಸತೊಡಗಿದರು. ಹಗುರ ಸರಪಳಿ ಯಾವುದಾದರೂ ನಡೆಯುತ್ತದೆ ಎಂದಿದ್ದರೆ ಈ ಕಷ್ಟ ಯಾರಿಗೂ ಬೇಕಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮನುಷ್ಯನಲ್ಲಿ ಪ್ರೊಟೀನ್ ತಯಾರಿಸುವ ಜೀನುಗಳು ಸುಮಾರು 20,000. ಆದರೆ ನಮ್ಮ ದೇಹ ಕೋಟಿಗಟ್ಟಲೆ ಬಗೆಯ ಪ್ರತಿಕಾಯ ತಯಾರಿಸಬಲ್ಲದು. ಎಲ್ಲಿಂದ? ಭಾರದ ಸರಪಳಿಯ ಜೀನ್ 14ನೇ ಕ್ರೋಮೋಸೋಮಿನಲ್ಲಿದೆ. ಅದು ತುಂಡು ತುಂಡಾಗಿದೆ: ವಿ ತುಂಡು ಸುಮಾರು 40, ಡಿ 23, ಜೆ 6. ಬಿ ಕೋಶ ಒಂದೊಂದು ಗುಂಪಿನಿಂದ ಒಂದೊಂದನ್ನು ಆರಿಸಿ, ನಡುವಿನದ್ದನ್ನು ಕತ್ತರಿಸಿ ಎಸೆದು ಜೋಡಿಸುತ್ತದೆ. ಗುಣಿಸಿದರೆ ಸುಮಾರು 5,500. ಹಗುರ ಸರಪಳಿಯಲ್ಲಿ ಎರಡು ಬಗೆ. ಕಪ್ಪಾ ಬಗೆಯದ್ದು 2ನೇ ಕ್ರೋಮೋಸೋಮಿನಲ್ಲಿ, ಲ್ಯಾಂಬ್ಡಾ 22ರಲ್ಲಿ. ಇವುಗಳಲ್ಲಿ ಡಿ ತುಂಡು ಇಲ್ಲ. ಎರಡೂ ಸೇರಿ ಸುಮಾರು 320 ಜೋಡಣೆ ಸಾಧ್ಯ. 5,500ನ್ನು 320ರಿಂದ ಗುಣಿಸಿ. ಹದಿನೇಳು ಲಕ್ಷ ದಾಟುತ್ತದೆ. ಎಲ್ಲ ಜೋಡಿಯೂ ಸರಿ ಹೊಂದುವುದಿಲ್ಲ, ಜೀನುಗಳ ಸಂಖ್ಯೆಯೂ ಒಬ್ಬರಿಂದ ಒಬ್ಬರಿಗೆ ಸ್ವಲ್ಪ ಬೇರೆ. ಜೋಡಿಸುವ ಅಂಚಿನಲ್ಲಿ ಆಗುವ ಬದಲಾವಣೆ, ಸೋಂಕು ಬಂದ ಮೇಲೆ ಆಗುವ ತಿದ್ದುಪಡಿ ಸೇರಿದರೆ ಲೆಕ್ಕ ಇನ್ನೂ ಎಷ್ಟೋ ಪಟ್ಟು ಮೇಲೆ ಹೋಗುತ್ತದೆ.

ಜೀನು ಹೀಗೆ ಕತ್ತರಿಸಿಕೊಂಡು ಜೋಡಿಕೊಳ್ಳುತ್ತದೆ ಎಂದು ಮೊದಲು ಪತ್ತೆಯಾದದ್ದು ಹಗುರ ಸರಪಳಿಯಲ್ಲೇ. 1976ರಲ್ಲಿ ಸುಸುಮು ಟೊನೆಗಾವಾ ಮತ್ತು ನೊಬುಮಿಚಿ ಹೊಝುಮಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಇಲಿಯ ಭ್ರೂಣದ ಡಿಎನ್‌ಎಯನ್ನೂ, ಪ್ರತಿಕಾಯ ತಯಾರಿಸುವ ಮೈಲೋಮಾ ಕೋಶದ ಡಿಎನ್‌ಎಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿದರು. ಕಪ್ಪಾ ಸರಪಳಿಯ ಜೀನು ಭ್ರೂಣದಲ್ಲಿ ಎರಡು ಬೇರೆ ತುಂಡುಗಳಲ್ಲಿ ಸಿಕ್ಕಿತು. ಮೈಲೋಮಾದಲ್ಲಿ ಒಂದೇ ತುಂಡಿನಲ್ಲಿ. ಹುಟ್ಟಿದಾಗ ಬಂದ ಡಿಎನ್‌ಎ ಸಾಯುವತನಕ ಹಾಗೇ ಇರುತ್ತದೆ ಎಂದು ನಂಬಿದ್ದ ಕಾಲ ಅದು. ಟೊನೆಗಾವಾ ಅವರಿಗೆ 1987ರ ನೊಬೆಲ್ ಪೂರ್ತಿಯಾಗಿ ಅವರೊಬ್ಬರಿಗೇ ಬಂತು.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಸ್ವಲ್ಪ ನಿಧಾನವಾಗಿ ಹೋಗೋಣ.

ಎಲುಬಿನ ಮಜ್ಜೆಯಲ್ಲಿ ಬಿ ಕೋಶ ಬೆಳೆಯುವಾಗ ಮೊದಲು ಭಾರದ ಸರಪಳಿ ತಯಾರಾಗುತ್ತದೆ. ಅದು ಸರಿಯಿದೆಯೋ ಇಲ್ಲವೋ ನೋಡಲು ಕೋಶ ಒಂದು ತಾತ್ಕಾಲಿಕ ಹಗುರ ಸರಪಳಿಯನ್ನು ಜೊತೆಗೆ ಕೂರಿಸುತ್ತದೆ. ಅದು ಎಲ್ಲ ಕೋಶಗಳಲ್ಲೂ ಒಂದೇ, ಯಾವ ವೈವಿಧ್ಯವೂ ಇಲ್ಲ. ಎರಡೂ ಹೊಂದಿಕೊಂಡರೆ ಕೋಶ ಕೆಲವು ಸಲ ಇಬ್ಭಾಗವಾಗುತ್ತದೆ. ಆಗ ಹುಟ್ಟುವ ಹತ್ತಾರು ಮರಿ ಕೋಶಗಳಲ್ಲಿ ಭಾರದ ಸರಪಳಿ ಒಂದೇ. ಆಮೇಲೆ ಪ್ರತಿಯೊಂದು ಮರಿಯೂ ತನ್ನದೇ ಹಗುರ ಸರಪಳಿಯನ್ನು ಆರಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಗೆದ್ದ ಒಂದು ಭಾರದ ಸರಪಳಿಯನ್ನು ಹತ್ತಾರು ಹಗುರ ಸರಪಳಿಗಳ ಜೊತೆ ಇಟ್ಟು ನೋಡಿದ ಹಾಗಾಯಿತು.

ಇಲ್ಲಿ ಒಂದು ಅಪಾಯ ಇದೆ. ಆರಿಸುವುದು ಕಣ್ಣುಮುಚ್ಚಿ. ಹಾಗೆ ಆರಿಸಿದ ಜೋಡಿ ನಮ್ಮದೇ ಪ್ರೊಟೀನನ್ನೋ, ನಮ್ಮದೇ ಡಿಎನ್‌ಎಯನ್ನೋ ಹಿಡಿದರೆ ಎಂತ ಮಾಡುವುದು? ಇದು ಅಪರೂಪದ ಮಾತಲ್ಲ. ಮನುಷ್ಯರ ಮಜ್ಜೆಯಲ್ಲಿ ಆಗತಾನೆ ತಯಾರಾದ ಬಿ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದ 2003ರ ಅಧ್ಯಯನದಲ್ಲಿ, ಅರ್ಧಕ್ಕಿಂತ ಜಾಸ್ತಿ ಕೋಶಗಳ ಪ್ರತಿಕಾಯ ಸ್ವಂತ ದೇಹದ ವಸ್ತುವಿಗೇ ಅಂಟುವಂಥದ್ದಾಗಿತ್ತು. ಅವೆಲ್ಲ ಹಾಗೇ ಹೊರಗೆ ಬಂದರೆ ಲೂಪಸ್‌ನಂಥ ಕಾಯಿಲೆ ಮನೆಮನೆಯಲ್ಲೂ ಇರಬೇಕಿತ್ತು.

ಅಂಥ ಕೋಶ ಸಾಯಬೇಕು ಎಂದು ಮೊದಲು ತಿಳಿದಿದ್ದರು. ಎಷ್ಟೋ ಕೋಶಗಳು ಸಾಯುವುದೂ ಹೌದು. ಆದರೆ 1993ರಲ್ಲಿ ಎರಡು ಬೇರೆ ಬೇರೆ ತಂಡಗಳು ಇಲಿಗಳಲ್ಲಿ ಬೇರೊಂದು ದಾರಿ ಕಂಡವು. ಸ್ವಂತ ದೇಹವನ್ನು ಹಿಡಿದ ಕೋಶ ಅಲ್ಲೇ ನಿಂತು, ಕತ್ತರಿಸಿ ಜೋಡಿಸುವ ಕಿಣ್ವಗಳನ್ನು ಪುನಃ ಎಬ್ಬಿಸುತ್ತದೆ. ಇದ್ದ ಹಗುರ ಸರಪಳಿಯ ಜೋಡಣೆಯನ್ನು ಬಿಟ್ಟು, ಹಿಂದಿನ ಸಾಲಿನಲ್ಲಿ ಉಳಿದ ಇನ್ನೊಂದು ವಿ ತುಂಡನ್ನೂ ಮುಂದಿನ ಜೆ ತುಂಡನ್ನೂ ಜೋಡಿಸಿ ಹೊಸ ಹಗುರ ಸರಪಳಿ ತಯಾರಿಸುತ್ತದೆ. ಆಗಲೂ ಸರಿಹೋಗದಿದ್ದರೆ ಮತ್ತೊಮ್ಮೆ. ಒಂದು ಕ್ರೋಮೋಸೋಮಿನ ಕಪ್ಪಾ ಮುಗಿದರೆ ಇನ್ನೊಂದರದ್ದು, ಅದೂ ಮುಗಿದರೆ ಲ್ಯಾಂಬ್ಡಾ. ಸರಿಯಾದ ಜೋಡಿ ಸಿಕ್ಕಿದ ಮೇಲೆ ಕೋಶ ಮಜ್ಜೆಯಿಂದ ಹೊರಗೆ ಹೊರಡುತ್ತದೆ.

ಹಗುರ ಸರಪಳಿಯಲ್ಲೇ ಇದು ಸುಲಭ ಯಾಕೆ? ಭಾರದ ಸರಪಳಿಯನ್ನು ಒಮ್ಮೆ ಜೋಡಿಸಿದರೆ ಡಿ ತುಂಡುಗಳೆಲ್ಲ ಕತ್ತರಿಸಿ ಹೋಗಿರುತ್ತವೆ. ಹಿಂದೆ ಹೋಗಿ ಮತ್ತೆ ಸರಿಯಾಗಿ ಜೋಡಿಸಲು ಸಾಮಾನು ಉಳಿದಿರುವುದಿಲ್ಲ. ಹಗುರ ಸರಪಳಿಯಲ್ಲಿ ಡಿ ಎಂಬುದೇ ಇಲ್ಲ. ಹಿಂದೆ ವಿ ತುಂಡುಗಳ ಸಾಲು, ಮುಂದೆ ಜೆ ತುಂಡುಗಳ ಸಾಲು ಉಳಿದಿರುತ್ತವೆ. ಡಿ ಇಲ್ಲದಿರುವುದು ಕೊರತೆಯ ಹಾಗೆ ಕಾಣುತ್ತದೆ, ವೈವಿಧ್ಯ ಕಮ್ಮಿಯಾಯಿತಲ್ಲ ಅಂತ. ಆದರೆ ಆ ಕೊರತೆಯೇ ಇನ್ನೊಂದು ಅವಕಾಶಕ್ಕೆ ಜಾಗ ಕೊಟ್ಟಿದೆ. ಇಲಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಬಿ ಕೋಶ ಹೀಗೆ ತಿದ್ದಿಕೊಂಡು ಬಂದದ್ದು ಎಂದು 2001ರ ಒಂದು ಅಧ್ಯಯನ ಅಂದಾಜು ಮಾಡಿದೆ.

ಹೊಸ ಹಗುರ ಸರಪಳಿ ಮಾಡುವುದಾದರೂ ಏನು? ಒಂದು ಬಗೆಯನ್ನು ಹತ್ತಿರದಿಂದ ನೋಡೋಣ. ಡಿಎನ್‌ಎಗೆ ಅಂಟುವ ಪ್ರತಿಕಾಯಗಳ ಭಾರದ ಸರಪಳಿಯಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿ ಇರುತ್ತದೆ. ಅದಕ್ಕೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಆದ್ದರಿಂದ ಅಂಟುತ್ತವೆ. ಇಲಿಗಳಲ್ಲಿ ಕೆಲವು ಹಗುರ ಸರಪಳಿಗಳ ಕುಣಿಕೆಗಳಲ್ಲಿ ಋಣ ವಿದ್ಯುದಂಶದ ಆಸ್ಪಾರ್ಟಿಕ್ ಆಮ್ಲ ಇದೆ. ಅಂಥ ಸರಪಳಿ ಪಕ್ಕಕ್ಕೆ ಬಂದು ಕೂತರೆ ಆರ್ಜಿನೀನಿನ ಸೆಳೆತ ಅಲ್ಲೇ ಅಡಗುತ್ತದೆ. ಭಾರದ ಸರಪಳಿಯ ಒಂದು ಅಕ್ಷರವೂ ಬದಲಾಗಿಲ್ಲ. ಆದರೂ ಪ್ರತಿಕಾಯ ಡಿಎನ್‌ಎಯನ್ನು ಬಿಟ್ಟಿತು. ಹಗುರ ಸರಪಳಿ ಆ್ಯಂಟಿಜೆನ್ನನ್ನು ಗುರುತಿಸಲು ನೆರವಾಗುತ್ತದೆ ಎಂದು ಓದುವಾಗ ನಮ್ಮ ಗಮನವೆಲ್ಲ ಹಿಡಿಯುವುದರ ಮೇಲೆ ಇರುತ್ತದೆ. ಈ ಬಿಡಿಸುವ ಕೆಲಸವೂ ಗುರುತಿಸುವುದರ ಒಳಗೇ ಬರುತ್ತದೆ ಎಂದು ನಾನು ತಿಳಿದಿದ್ದೇನೆ.

ಹಗುರ ಸರಪಳಿಗೆ ಇನ್ನೊಂದು ಅಧಿಕಾರವೂ ಇದೆ. ಕೋಶದ ಒಳಗೆ ತಯಾರಾದ ಭಾರದ ಸರಪಳಿ ಒಂಟಿಯಾಗಿ ಹೊರಗೆ ಹೋಗುವ ಹಾಗಿಲ್ಲ. ಬಿಐಪಿ ಎಂಬ ಪ್ರೊಟೀನ್ ಅದನ್ನು ಒಳಗೇ ಹಿಡಿದಿಡುತ್ತದೆ. ಯಾಕೆಂದರೆ ಅದರ ಒಂದು ಭಾಗ ಇನ್ನೂ ಸರಿಯಾಗಿ ಮಡಚಿಕೊಂಡಿರುವುದಿಲ್ಲ. ಹಗುರ ಸರಪಳಿ ಬಂದು ಸೇರಿದಾಗಲೇ ಆ ಭಾಗ ಮಡಚಿಕೊಳ್ಳುತ್ತದೆ, ಬಿಐಪಿ ಕೈಬಿಡುತ್ತದೆ. ಒಂಟಿ ಭಾರದ ಸರಪಳಿಗಳು ಒಳಗೆ ಗುಡ್ಡೆ ಬಿದ್ದರೆ ಕೋಶಕ್ಕೇ ತೊಂದರೆ. ಹಾಗಾಗಿ ಕೋಶ ಹಗುರ ಸರಪಳಿಯನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ತಯಾರಿಸಿ ಇಟ್ಟುಕೊಳ್ಳುತ್ತದೆ. ಮಿಕ್ಕಿದ್ದು ರಕ್ತಕ್ಕೆ ಬರುತ್ತದೆ. ಆರೋಗ್ಯವಂತರಲ್ಲೂ ದಿನಕ್ಕೆ ಸುಮಾರು ಅರ್ಧ ಗ್ರಾಂ ಹೀಗೆ ಬರುತ್ತದೆ. ಕಿಡ್ನಿ ಅದನ್ನು ಸೋಸಿ, ಹೀರಿ, ಒಡೆದು ಹಾಕುತ್ತದೆ. ಐಜಿಜಿಯ ಅರ್ಧಾಯುಷ್ಯ ಸುಮಾರು 21 ದಿನವಾದರೆ, ಒಂಟಿ ಹಗುರ ಸರಪಳಿಯದ್ದು ಕೆಲವೇ ಗಂಟೆ.

ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನಲ್ಲಿ ಪ್ರತಿಕಾಯ ತಯಾರಿಸುವ ಒಂದೇ ಕೋಶದ ಸಂತತಿ ಅಳತೆ ಮೀರಿ ಬೆಳೆಯುತ್ತದೆ. ಎಷ್ಟೋ ಸಲ ಒಂದೇ ಬಗೆಯ ಹಗುರ ಸರಪಳಿ ರಕ್ತದಲ್ಲಿ ತುಂಬಿ ಮೂತ್ರಕ್ಕೆ ಇಳಿಯುತ್ತದೆ. ವಿಜ್ಞಾನಕ್ಕೆ ಹಗುರ ಸರಪಳಿ ಮೊದಲು ಸಿಕ್ಕಿದ್ದು ಅಲ್ಲಿಯೇ. 1845ರಲ್ಲಿ ಲಂಡನ್ನಿನ ಒಬ್ಬ ದಿನಸಿ ವ್ಯಾಪಾರಿಗೆ ಎಲುಬಿನಲ್ಲಿ ತಡೆಯಲಾರದ ನೋವು. ಅವರ ವೈದ್ಯರು ಮೂತ್ರದ ಮಾದರಿಯನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ ಮತ್ತು ರಸಾಯನ ತಜ್ಞರಿಗೆ ಕಳಿಸಿದರು. ಅದರ ಗುಣ ವಿಚಿತ್ರವಾಗಿತ್ತು. ಅದನ್ನು ಇಂದಿಗೂ ಪ್ರಯೋಗಾಲಯದಲ್ಲಿ ನೋಡಬಹುದು. ಪ್ರನಾಳದಲ್ಲಿ ಮೂತ್ರ ಹಾಕಿ ಸ್ವಲ್ಪ ಆಮ್ಲೀಯ ಮಾಡಿ ನೀರಿನಲ್ಲಿಟ್ಟು ಮೆಲ್ಲಗೆ ಬಿಸಿ ಮಾಡುತ್ತೇವೆ. 40 ಡಿಗ್ರಿ ದಾಟಿ 60 ಡಿಗ್ರಿಯ ಒಳಗೆ ಬಿಳಿಯಾಗಿ ಕದಡುತ್ತದೆ. ಮಕ್ಕಳು ಇಷ್ಟೇ ಅಂದುಕೊಂಡು ಪ್ರನಾಳ ತೆಗೆಯಲು ಹೊರಡುತ್ತಾರೆ. ನಿಲ್ಲಿ ಎಂದು ಹೇಳಿ ಕುದಿಸಿದರೆ, 100 ಡಿಗ್ರಿಯ ಹತ್ತಿರ ಆ ಬಿಳಿಯೆಲ್ಲ ಕರಗಿ ಮೂತ್ರ ಮತ್ತೆ ತಿಳಿಯಾಗುತ್ತದೆ. ಆರಲು ಬಿಟ್ಟರೆ ಪುನಃ ಕದಡುತ್ತದೆ. ರಕ್ತದಲ್ಲಿ ಹೆಚ್ಚಾಗಿರುವ ಅಲ್ಬುಮಿನ್ ಎಂಬ ಪ್ರೊಟೀನ್ ಒಮ್ಮೆ ಬೆಂದು ಗಟ್ಟಿಯಾದರೆ ಹೀಗೆ ಕರಗುವುದಿಲ್ಲ.

ಆ ವ್ಯಾಪಾರಿ 1846ರ ಹೊಸ ವರ್ಷದ ದಿನ ತೀರಿಕೊಂಡರು. ಅವರ ಮೂತ್ರದಲ್ಲಿದ್ದದ್ದು ಪ್ರತಿಕಾಯದ ಹಗುರ ಸರಪಳಿ ಎಂದು ಎಡೆಲ್‌ಮನ್ ಮತ್ತು ಗ್ಯಾಲಿ ತೋರಿಸಿದ್ದು 1962ರಲ್ಲಿ. ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಆಮೇಲೆ ದಾರಿ ಬೇಗ ತೆರೆಯಿತು. ಒಬ್ಬ ರೋಗಿಯ ಮೂತ್ರದಲ್ಲಿ ಸಿಗುವುದು ಒಂದೇ ಬಗೆಯ ಸರಪಳಿ, ಅದೂ ಬೇಕಾದಷ್ಟು. ಅದರ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಓದಲು ಸಾಧ್ಯವಾಯಿತು. 1965ರಲ್ಲಿ ಹಿಲ್ಶ್‌ಮನ್ ಮತ್ತು ಕ್ರೇಗ್, ಇಬ್ಬರು ರೋಗಿಗಳ ಸರಪಳಿಗಳಲ್ಲಿ ಅರ್ಧ ಒಂದೇ, ಅರ್ಧ ಬೇರೆ ಎಂದು ಕಂಡರು. 1970ರಲ್ಲಿ ವೂ ಮತ್ತು ಕಬಾಟ್ ಇಂಥ ಎಷ್ಟೋ ಸರಪಳಿಗಳನ್ನು ಸಾಲಾಗಿ ಇಟ್ಟು ಹೋಲಿಸಿ, ಬದಲಾವಣೆ ಮೂರು ಜಾಗದಲ್ಲಿ ಗುಂಪಾಗಿದೆ, ಆ್ಯಂಟಿಜೆನ್ ಮುಟ್ಟುವುದು ಅಲ್ಲಿಯೇ ಎಂದು ಹೇಳಿದರು. ಪ್ರತಿಕಾಯದ ಹಿಡಿಯುವ ತುದಿ ಹೇಗಿದೆ ಎಂದು ಸ್ಫಟಿಕದ ಚಿತ್ರದಲ್ಲಿ ಕಾಣುವ ಮೊದಲೇ ಮಾಡಿದ ಊಹೆ ಅದು. ಪೂರ್ತಿ ಸರಿಯಾಯಿತು. ಪ್ರತಿಕಾಯದ ರಚನೆಗಾಗಿ ಎಡೆಲ್‌ಮನ್ ಮತ್ತು ಪೋರ್ಟರ್ ಅವರಿಗೆ 1972ರಲ್ಲಿ ನೊಬೆಲ್ ಬಂತು. ಮೂತ್ರದ ಮಾದರಿ ಕೊಟ್ಟ ರೋಗಿಗಳ ಋಣ ಈ ವಿಜ್ಞಾನದ ಮೇಲಿದೆ. ಅದನ್ನು ಪಾಠದಲ್ಲಿ ಹೇಳದೆ ಮುಂದೆ ಹೋಗಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು.

ಪಿಯುಸಿಯ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಹಗುರ ಸರಪಳಿ ಇಲ್ಲದೆ ಪ್ರತಿಕಾಯ ಇರಲಿಕ್ಕೇ ಸಾಧ್ಯ ಇಲ್ವಾ?”

ಸಾಧ್ಯ ಇದೆ. ಒಂಟೆಯಲ್ಲಿದೆ. ಅದರ ರಕ್ತದ ಕೆಲವು ಪ್ರತಿಕಾಯಗಳಲ್ಲಿ ಭಾರದ ಸರಪಳಿ ಮಾತ್ರ ಇದೆ ಎಂದು 1993ರಲ್ಲಿ ಬೆಲ್ಜಿಯಂನ ತಂಡ ವರದಿ ಮಾಡಿತು. ನಮ್ಮ ಭಾರದ ಸರಪಳಿಯ ತುದಿಯಲ್ಲಿ ಹಗುರ ಸರಪಳಿ ಕೂರುವ ಬದಿ ನೀರನ್ನು ದೂರ ಇಡುವಂಥದ್ದು. ಹಗುರ ಸರಪಳಿ ಇಲ್ಲದಿದ್ದರೆ ಆ ಬದಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಂಟೆಯಲ್ಲಿ ಆ ಜಾಗದ ಅಮೈನೋ ಆಮ್ಲಗಳು ನೀರಿಗೆ ಹೊಂದುವಂತೆ ಬದಲಾಗಿವೆ. ಒಂಟಿಯಾಗಿರುವ ಆ ತುದಿ ಸಣ್ಣದಾಗಿರುವುದರಿಂದ ಕಿಣ್ವಗಳ ಸಂದಿಯೊಳಗೂ ನುಗ್ಗಬಲ್ಲದು. ಆದರೆ ಒಂಟೆಯಲ್ಲೂ ಹಗುರ ಸರಪಳಿ ಇರುವ ಸಾಮಾನ್ಯ ಪ್ರತಿಕಾಯಗಳು ಜೊತೆಗೇ ಇವೆ.

ನರ್ಸಿಂಗ್ ಓದುವ ಹುಡುಗನದ್ದು ಹಾವಿನ ಪ್ರಶ್ನೆ: “ಹಾವು ಕಚ್ಚಿದಾಗ ಕೊಡುವ ಎಎಸ್‌ವಿಯಲ್ಲೂ ಹಗುರ ಸರಪಳಿ ಇರ್ತದಾ?”

ಇರುತ್ತದೆ, ಮತ್ತು ಅದು ಕುದುರೆಯದ್ದು. ನಮ್ಮ ದೇಶದಲ್ಲಿ ಕೊಡುವ ಎಎಸ್‌ವಿಯನ್ನು ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಅವುಗಳ ರಕ್ತದ ಪ್ರತಿಕಾಯದಿಂದ ತಯಾರಿಸುತ್ತಾರೆ. ತಯಾರಿಸುವಾಗ ಪೆಪ್ಸಿನ್ ಕಿಣ್ವ ಹಾಕಿ ವೈ ಅಕ್ಷರದ ಬುಡವನ್ನು ಕಡಿದು ತೆಗೆಯುತ್ತಾರೆ. ಉಳಿಯುವುದು ಜೋಡಿ ತೋಳು. ಬುಡ ಹೋದ ಮೇಲೆ ಉಳಿದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಹಗುರ ಸರಪಳಿಯೇ. ಕುದುರೆಯಲ್ಲಿ ಹೆಚ್ಚಿನದು ಲ್ಯಾಂಬ್ಡಾ ಬಗೆ, ಇಲಿಯಲ್ಲಿ 95 ಶೇಕಡಾದಷ್ಟು ಕಪ್ಪಾ. ಮನುಷ್ಯರಲ್ಲಿ ಕಪ್ಪಾ ಎರಡು ಪಾಲಾದರೆ ಲ್ಯಾಂಬ್ಡಾ ಒಂದು ಪಾಲು.

ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಅಮ್ಮಾ, ನನ್ನ ಮೂತ್ರ ಪರೀಕ್ಷೆಯಲ್ಲಿ ಪ್ರೊಟೀನ್ ಇಲ್ಲ ಅಂತ ಬಂದಿದೆ. ಹಾಗಾದ್ರೆ ಈ ಮೈಲೋಮಾ ಇಲ್ಲ ಅಂತಲೇ ಅಲ್ವಾ?”

ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ ಸರ್. ಮೂತ್ರದಲ್ಲಿ ಅದ್ದುವ ಬಣ್ಣದ ಪಟ್ಟಿ ಮುಖ್ಯವಾಗಿ ಅಲ್ಬುಮಿನ್ನನ್ನು ತೋರಿಸುತ್ತದೆ. ಹಗುರ ಸರಪಳಿ ತುಂಬಾ ಇದ್ದರೂ ಪಟ್ಟಿಯ ಬಣ್ಣ ಬದಲಾಗದೆ ಇರಬಹುದು. ಹಾಗಂತ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ವಯಸ್ಸಾದವರಲ್ಲಿ ಬರುತ್ತದೆ. ಬಿಡದ ಬೆನ್ನುನೋವು, ಕಾರಣ ಗೊತ್ತಾಗದ ರಕ್ತಹೀನತೆ, ಕ್ರಿಯಾಟಿನಿನ್ ಏರುತ್ತಾ ಹೋಗುವುದು, ಇವು ಒಟ್ಟಿಗೆ ಕಂಡರೆ ಡಾಕ್ಟರು ರಕ್ತದ ಪ್ರೊಟೀನ್ ಎಲೆಕ್ಟ್ರೋಫೋರೆಸಿಸ್ ಮತ್ತು ಫ್ರೀ ಲೈಟ್ ಚೈನ್ ಪರೀಕ್ಷೆ ಬರೆಯುತ್ತಾರೆ. ಎರಡನೆಯದರಲ್ಲಿ ಒಂಟಿ ಕಪ್ಪಾ ಮತ್ತು ಲ್ಯಾಂಬ್ಡಾವನ್ನು ಬೇರೆ ಬೇರೆ ಅಳೆದು ಅನುಪಾತ ಕೊಡುತ್ತಾರೆ. ಬಹಳ ಕಡೆ ಬಳಸುವ ಪರೀಕ್ಷೆಯಲ್ಲಿ ಅದು 0.26ರಿಂದ 1.65ರ ಒಳಗಿದ್ದರೆ ಸಹಜ. ಕಿಡ್ನಿ ಕೆಲಸ ಕಮ್ಮಿಯಾದವರಲ್ಲಿ ಎರಡೂ ರಕ್ತದಲ್ಲಿ ಉಳಿದುಬಿಡುವುದರಿಂದ ಮಿತಿಯನ್ನು ಸ್ವಲ್ಪ ಸಡಿಲ ಮಾಡಿ, 0.37ರಿಂದ 3.1ರವರೆಗೆ ನೋಡುತ್ತಾರೆ. ಸೋಂಕು, ಉರಿಯೂತ ಇದ್ದಾಗ ಎರಡೂ ಒಟ್ಟಿಗೆ ಏರುತ್ತವೆ, ಅನುಪಾತ ಸಾಮಾನ್ಯವಾಗಿ ಹಾಗೇ ಇರುತ್ತದೆ. ಒಂದು ಮಾತ್ರ ಏರಿ ಅನುಪಾತ ತಪ್ಪಿದರೆ ಒಂದೇ ಕೋಶದ ಸಂತತಿ ಬೆಳೆಯುತ್ತಿದೆಯೇ ಎಂದು ಹುಡುಕಬೇಕು. ನಿಮ್ಮ ರಿಪೋರ್ಟುಗಳನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಬೆನ್ನುನೋವು ಇದ್ದರೆ ಅದನ್ನು ಅವರಿಗೆ ಹೇಳಲು ಮರೆಯಬೇಡಿ. ಎಷ್ಟೋ ಜನ ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ನೆ ಇದ್ದುಬಿಡುತ್ತಾರೆ.